ಹಸಿ ಹಾಲು ಮತ್ತು ಮಕ್ಕಳ ಉಬ್ಬಸ: ಒಂದು ವಾದದ ಐತಿಹಾಸಿಕ ವಿಮರ್ಶೆ

೧. ವಾದದ ಸ್ವರೂಪ

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಕನಕಪುರದ ರಸ್ತೆಗೂ ಬನ್ನೇರುಘಟ್ಟದ ರಸ್ತೆಗೂ ನಡುವೆ ಇರುವ ಅಂಜನಾಪುರವು ಇಂದು ಎರಡು ಮುಖಗಳುಳ್ಳ ಊರಾಗಿದೆ. ಒಂದು ಕಡೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದವರು ರಚಿಸಿದ ಬಡಾವಣೆಯ ನೇರವಾದ ಬೀದಿಗಳು. ಮತ್ತೊಂದು ಕಡೆ ಆ ಬೀದಿಗಳ ನಡುವೆ ಅಲ್ಲಲ್ಲಿ ಉಳಿದುಕೊಂಡಿರುವ ಹಳೆಯ ಗ್ರಾಮಗಳು. ಈ ಗ್ರಾಮಗಳಲ್ಲೊಂದರ ಹೆಸರು ಗೊಲ್ಲಹಳ್ಳಿ. ದನ ಕಾಯುವುದನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಜನರ ನೆನಪು ಆ ಹೆಸರಿನಲ್ಲಿ ಇನ್ನೂ ನಿಂತಿದೆ. ೨೦೦೭ರಲ್ಲಿ ನಗರದ ಎಲ್ಲೆ ಹಿಗ್ಗಿದಾಗ ಈ ಸೀಮೆಯ ಹಳ್ಳಿಗಳೂ ಮಹಾನಗರ ಪಾಲಿಕೆಯೊಳಗೆ ಸೇರಿದುವು. ೨೦೨೧ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ಮುಂದುವರಿದ ಮೆಟ್ರೋ ರೈಲು ಇದರ ಬಾಗಿಲಿಗೇ ಬಂದಿತು. ಕೊಟ್ಟಿಗೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಆದರೂ ಬೆಳಗಿನ ಜಾವದಲ್ಲಿ ಚೊಂಬು ಹಿಡಿದು ಕೊಟ್ಟಿಗೆಯ ಮುಂದೆ ನಿಂತು, ಕಣ್ಣೆದುರಿಗೇ ಹಾಲು ಕರೆಯಿಸಿಕೊಂಡು ಹೋಗುವ ಬಡಾವಣೆಯ ತಾಯಿತಂದೆಗಳು ಇಲ್ಲಿ ಅಪರೂಪವೇನೂ ಅಲ್ಲ.

ಇವರಲ್ಲಿ ಕೆಲವರು ಈಚೆಗೆ ಆ ಹಾಲನ್ನು ಕಾಯಿಸದೆಯೇ ಮಕ್ಕಳಿಗೆ ಕೊಡತೊಡಗಿದ್ದಾರೆ. ಕಾರಣ ಕೇಳಿದರೆ ಅವರು ಹೇಳುವ ವಾದದಲ್ಲಿ ನಾಲ್ಕು ಮಾತುಗಳಿವೆ. ಮೊದಲನೆಯದು, ನಮ್ಮ ಹಿರಿಯರು ಹಸಿ ಹಾಲನ್ನೇ ಕುಡಿಯುತ್ತಿದ್ದರು. ಎರಡನೆಯದು, ಅವರ ಮಕ್ಕಳಲ್ಲಿ ಉಬ್ಬಸವೂ ಅಲರ್ಜಿಯೂ ಇರಲಿಲ್ಲ. ಮೂರನೆಯದು, ಡೈರಿಯ ಹಾಲು ಬಂದ ಮೇಲೆ ಈ ರೋಗಗಳು ಬಂದುವು. ನಾಲ್ಕನೆಯದು, ಯೂರೋಪಿನ ವಿಜ್ಞಾನಿಗಳೇ ಇದನ್ನು ಸಿದ್ಧಪಡಿಸಿದ್ದಾರೆ.

ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯದಲ್ಲಿ ಇತಿಹಾಸದ ಅಧ್ಯಾಪಕರು ಕೈಯಿಡುವುದು ಅನುಚಿತವೆಂದು ಕೆಲವರಿಗೆ ತೋರಬಹುದು. ಆದರೆ ಮೇಲ್ಕಂಡ ನಾಲ್ಕು ಮಾತುಗಳಲ್ಲಿ ಮೊದಲ ಮೂರೂ ಭೂತಕಾಲವನ್ನು ಕುರಿತವು. ಅವು ನಿಜವೇ ಅಲ್ಲವೇ ಎಂಬುದನ್ನು ನಿರ್ಣಯಿಸುವ ಹೊಣೆ ಇತಿಹಾಸಕ್ಕೆ ಸೇರಿದ್ದು. ನಾಲ್ಕನೆಯ ಮಾತಿಗೆ ಬಲ ಬಂದಿರುವುದೂ ಮೊದಲ ಮೂರರ ಜೊತೆ ಸೇರಿದುದರಿಂದಲೇ. ಮಗುವಿನ ಬಟ್ಟಲಿಗೆ ಏನನ್ನು ಸುರಿಯಬೇಕೆಂಬುದು ಇತಿಹಾಸದ ಒಂದು ಹೇಳಿಕೆಯ ಮೇಲೆ ನಿಂತಿರುವಾಗ, ಆ ಹೇಳಿಕೆಯನ್ನು ಪರೀಕ್ಷಿಸದೆ ಬಿಡುವುದು ನಮ್ಮ ಕರ್ತವ್ಯಕ್ಕೆ ಲೋಪವೆಂದು ಭಾವಿಸಿ ಈ ವಿಮರ್ಶೆಗೆ ತೊಡಗಿದ್ದೇವೆ.

೨. ಯೂರೋಪಿನ ಸಂಶೋಧನೆಗಳು ಹೇಳುವುದೇನು

ನಾಲ್ಕನೆಯ ಮಾತನ್ನು ಮೊದಲು ಎತ್ತಿಕೊಳ್ಳುವುದು ಅನುಕೂಲ. ಅದರಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ೧೯೮೯ರಲ್ಲಿ ಇಂಗ್ಲೆಂಡಿನ ಡೇವಿಡ್ ಸ್ಟ್ರಾಚನ್ ಅವರು, ೧೯೫೮ರಲ್ಲಿ ಹುಟ್ಟಿದ ಬ್ರಿಟಿಷ್ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ, ಹೆಚ್ಚು ಒಡಹುಟ್ಟಿದವರಿರುವ ಮನೆಗಳ ಮಕ್ಕಳಲ್ಲಿ ಮೂಗು ಸೋರುವ ಅಲರ್ಜಿ ಕಡಿಮೆಯೆಂದು ತೋರಿಸಿದರು. ಎಳೆತನದಲ್ಲಿ ಸೂಕ್ಷ್ಮಜೀವಿಗಳ ಸಂಪರ್ಕ ಕಡಿಮೆಯಾದಷ್ಟೂ ದೇಹದ ರಕ್ಷಣಾಶಕ್ತಿ ದಾರಿತಪ್ಪುತ್ತದೆಂಬ ಊಹೆಗೆ ಇದೇ ಬೀಜವಾಯಿತು. ಅನಂತರ ಆಲ್ಪ್ಸ್ ಪರ್ವತದ ತಪ್ಪಲಿನ ರೈತರ ಮಕ್ಕಳ ಮೇಲೆ ವಿದ್ವಾಂಸರ ದೃಷ್ಟಿ ಬಿದ್ದಿತು. ೨೦೦೧ರಲ್ಲಿ ರೀಡ್ಲರ್ ಮತ್ತು ಸಂಗಡಿಗರು ಆಸ್ಟ್ರಿಯ, ಜರ್ಮನಿ ಮತ್ತು ಸ್ವಿಟ್ಜರ್ಲೆಂಡುಗಳ ಗ್ರಾಮಪ್ರದೇಶದ ಮಕ್ಕಳನ್ನು ಕುರಿತು ಪ್ರಕಟಿಸಿದ ಲೇಖನದಲ್ಲಿ, ಹುಟ್ಟಿದ ಮೊದಲ ವರ್ಷದಲ್ಲೇ ಕೊಟ್ಟಿಗೆಯ ಸಂಪರ್ಕವನ್ನೂ ಹೊಲಮನೆಯ ಹಾಲನ್ನೂ ಪಡೆದ ಮಕ್ಕಳಲ್ಲಿ ಉಬ್ಬಸ ಶೇಕಡ ೧ರಷ್ಟು, ಒಂದರಿಂದ ಐದು ವರ್ಷದೊಳಗೆ ಅದನ್ನು ಪಡೆದವರಲ್ಲಿ ಶೇಕಡ ೧೧ರಷ್ಟು ಎಂದು ಕಂಡುಬಂದಿತು.

೨೦೦೭ರಲ್ಲಿ ಐದು ದೇಶಗಳ ೧೪,೮೯೩ ಮಕ್ಕಳನ್ನೊಳಗೊಂಡ 'ಪಾರ್ಸಿಫಲ್' ಸಮೀಕ್ಷೆಯ ಫಲಿತಾಂಶ ಬಂದಿತು. ಹೊಲಮನೆಯ ಹಾಲು ಕುಡಿಯುವ ಮಕ್ಕಳಲ್ಲಿ ಉಬ್ಬಸ ಕಡಿಮೆಯೆಂದು ಅದೂ ಹೇಳಿತು. ಎಲ್ಲಕ್ಕಿಂತ ಹೆಚ್ಚಾಗಿ ಉಲ್ಲೇಖಕ್ಕೆ ಬರುವುದು ೨೦೧೧ರ 'ಗೇಬ್ರಿಯೆಲಾ' ಅಧ್ಯಯನ. ೮,೩೩೪ ಶಾಲಾಮಕ್ಕಳನ್ನು ಕುರಿತ ಈ ಅಧ್ಯಯನದಲ್ಲಿ ಸುಮಾರು ೮೦೦ ಹಾಲಿನ ಮಾದರಿಗಳನ್ನು ಮನೆಗಳಿಂದಲೇ ತಂದು ಪರೀಕ್ಷಿಸಲಾಯಿತು. ಹಸಿ ಹಾಲು ಕುಡಿಯುವವರಲ್ಲಿ ಉಬ್ಬಸದ ಸಂಭವಾನುಪಾತ, ಕುಡಿಯದವರಲ್ಲಿ ೧ ಎಂದಿಟ್ಟುಕೊಂಡರೆ, ೦.೫೯ಕ್ಕೆ ಇಳಿದಿತ್ತು. ಕಾಯಿಸಿದ ಹೊಲಮನೆಯ ಹಾಲಿನಲ್ಲಿ ಈ ಗುಣ ಕಂಡುಬರಲಿಲ್ಲ. ಹಾಲಿನಲ್ಲಿದ್ದ ಒಟ್ಟು ಸೂಕ್ಷ್ಮಜೀವಿಗಳ ಸಂಖ್ಯೆಗೂ ಉಬ್ಬಸಕ್ಕೂ ಸಂಬಂಧ ತೋರಲಿಲ್ಲ. ಕಾವಿಗೆ ಕೆಡುವ ಕೆಲವು ಸಸಾರಜನಕಗಳು, ಎಂದರೆ ಹಾಲೊಡೆದಾಗ ತಿಳಿನೀರಿನಲ್ಲಿ ಉಳಿಯುವಂಥವು, ಹೆಚ್ಚಾಗಿದ್ದಲ್ಲಿ ಉಬ್ಬಸ ಕಡಿಮೆಯಾಗಿತ್ತು. ಅಂಜನಾಪುರದ ವಾದಕ್ಕೆ ಆಧಾರವಾಗಿರುವುದು ಈ ಅಧ್ಯಯನವೇ.

೩. ಆ ಸಂಶೋಧನೆಗಳ ಮಿತಿ

ಈ ಅಧ್ಯಯನಗಳನ್ನು ಮೂಲದಲ್ಲೇ ಓದಿದವರಿಗೆ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ.

ಒಂದನೆಯದು ಸಾಕ್ಷ್ಯದ ಗುಣ. ಪಾರ್ಸಿಫಲ್ ಸಮೀಕ್ಷೆಯಲ್ಲಿ ಹಾಲನ್ನು ಕಾಯಿಸಲಾಗುತ್ತಿತ್ತೇ ಇಲ್ಲವೇ ಎಂಬುದಕ್ಕೆ ಇದ್ದ ಆಧಾರ ತಾಯಿತಂದೆಗಳ ಹೇಳಿಕೆ ಮಾತ್ರ. ಹಾಲು ಹಸಿಯದೆಂಬುದಕ್ಕೆ ಸ್ವತಂತ್ರವಾದ ಪ್ರಮಾಣವಿಲ್ಲದ ಕಾರಣ, ಹಸಿ ಹಾಲಿಗೂ ಪಾಶ್ಚರೀಕರಿಸಿದ ಹಾಲಿಗೂ ಇರುವ ಭೇದವನ್ನು ತಮ್ಮ ಸಮೀಕ್ಷೆಯಿಂದ ತೀರ್ಮಾನಿಸಲಾಗದೆಂದು ಅದರ ಕರ್ತರೇ ಬರೆದಿದ್ದಾರೆ. ಶಾಸನಗಳನ್ನು ಓದುವವರು ಈ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಆದರೆ ಆ ಸಮೀಕ್ಷೆ ನಮ್ಮ ಬೀದಿಗೆ ಬರುವ ವೇಳೆಗೆ ಫಲಿತಾಂಶವೊಂದೇ ಉಳಿದು, ಕರ್ತರು ಹಾಕಿದ ಷರತ್ತು ದಾರಿಯಲ್ಲಿ ಕಳೆದುಹೋಗಿದೆ.

ಎರಡನೆಯದು ಜೊತೆಗಾರ ಕಾರಣಗಳ ಪ್ರಶ್ನೆ. ಆಲ್ಪ್ಸ್ ಸೀಮೆಯಲ್ಲಿ ಹಸಿ ಹಾಲು ಕುಡಿಯುವ ಮಗುವು ಬಹುಮಟ್ಟಿಗೆ ಕೊಟ್ಟಿಗೆಯ ಪಕ್ಕದಲ್ಲೇ ಬೆಳೆಯುವ ಮಗು. ಅದರ ತಾಯಿ ಬಸುರಿನಲ್ಲಿಯೂ ದನಗಳ ನಡುವೆ ಓಡಾಡಿದವಳು. ಹುಲ್ಲಿನ ಧೂಳು, ಸಗಣಿ, ಹಾಲು ಎಲ್ಲವೂ ಒಂದೇ ಜೀವನಕ್ರಮದ ಅಂಗಗಳು. ಗಣಿತದ ಉಪಾಯಗಳಿಂದ ಇವನ್ನು ಬೇರ್ಪಡಿಸಬಹುದೆಂದು ಸಂಶೋಧಕರು ಹೇಳುತ್ತಾರೆ. ಸ್ವಲ್ಪಮಟ್ಟಿಗೆ ಬೇರ್ಪಡಿಸಿಯೂ ಇದ್ದಾರೆ. ಆದರೆ ಪ್ರಶ್ನಾವಳಿಯಿಂದ ಅಳೆಯಲಾಗದುದನ್ನು ಗಣಿತವೂ ಬೇರ್ಪಡಿಸಲಾರದು. ಇದಲ್ಲದೆ, ಅಲರ್ಜಿಯ ಲಕ್ಷಣ ಕಂಡ ಮನೆಯಲ್ಲಿ ತಾಯಂದಿರು ಮುಂಜಾಗ್ರತೆಯಿಂದ ಹಸಿ ಹಾಲನ್ನು ಬಿಡಿಸಿರಬಹುದು. ಹಾಗಾಗಿದ್ದಲ್ಲಿ ಕಾರಣವೆಂದು ತೋರುವುದೇ ಕಾರ್ಯವಾಗಿರುತ್ತದೆ.

ಮೂರನೆಯದು ಹಾಲು ಸಮವಾಗಿದ್ದು ಉಳಿದುದು ಬೇರೆಯಾಗಿರುವ ಒಂದು ನಿದರ್ಶನ. ಅಮೆರಿಕದಲ್ಲಿ ಆಮಿಷ್ ಮತ್ತು ಹಟರೈಟ್ ಎಂಬ ಎರಡು ಕ್ರೈಸ್ತ ಕೃಷಿಕ ಸಮುದಾಯಗಳಿವೆ. ಎರಡರ ಮೂಲವೂ ಮಧ್ಯ ಯೂರೋಪು. ವಂಶ, ಊಟ, ಕುಟುಂಬದ ಗಾತ್ರ ಎಲ್ಲದರಲ್ಲಿಯೂ ಬಹುತೇಕ ಸಾಮ್ಯವಿದೆ. ಹಸಿ ಹಾಲು ಎರಡು ಕಡೆಯೂ ಬಳಕೆಯಲ್ಲಿದೆ. ಆದರೆ ೨೦೧೬ರಲ್ಲಿ ಸ್ಟೈನ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದಂತೆ, ಉಬ್ಬಸವು ಆಮಿಷ್ ಮಕ್ಕಳಲ್ಲಿ ಶೇಕಡ ೫.೨, ಹಟರೈಟ್ ಮಕ್ಕಳಲ್ಲಿ ಶೇಕಡ ೨೧.೩. ಭೇದವೆಲ್ಲಿ? ಆಮಿಷರದು ಒಂದೊಂದು ಮನೆಯವರು ನಡೆಸುವ ಸಣ್ಣ ಕೊಟ್ಟಿಗೆ, ಅದು ಮನೆಗೆ ಹತ್ತಿರ. ಮಕ್ಕಳು ಅದರಲ್ಲೇ ಆಡಿ ಬೆಳೆಯುತ್ತಾರೆ. ಹಟರೈಟರದು ಯಂತ್ರಗಳಿಂದ ನಡೆಯುವ, ಮನೆಗಳಿಂದ ದೂರವಿರುವ ಸಾಮೂಹಿಕ ಬೇಸಾಯ. ಆಮಿಷರ ಮನೆಯ ಧೂಳಿನಲ್ಲಿ ಸೂಕ್ಷ್ಮಜೀವಿಗಳ ಅಂಶ ಹಲವು ಪಟ್ಟು ಹೆಚ್ಚಾಗಿದ್ದಿತು. ಆ ಧೂಳಿನ ಸಾರವು ಇಲಿಗಳಲ್ಲಿ ಉಬ್ಬಸದ ಲಕ್ಷಣಗಳನ್ನು ತಡೆಯಿತು. ಹಸಿ ಹಾಲೊಂದರಿಂದಲೇ ರಕ್ಷೆ ದೊರೆಯುವುದಾದರೆ ಹಟರೈಟ್ ಮಕ್ಕಳಿಗೆ ಅದೇಕೆ ದೊರೆಯಲಿಲ್ಲವೆಂಬ ಪ್ರಶ್ನೆಗೆ ಹಸಿ ಹಾಲಿನ ಪಕ್ಷಪಾತಿಗಳಲ್ಲಿ ಉತ್ತರವಿಲ್ಲ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಹಾಲಿಗೆ ಯಾವ ಪಾತ್ರವೂ ಇಲ್ಲವೆಂದು ಈ ನಿದರ್ಶನದಿಂದ ಸಿದ್ಧವಾಗುವುದಿಲ್ಲ. ೯೮೩ ಶಿಶುಗಳನ್ನು ಹುಟ್ಟಿನಿಂದ ಹಿಂಬಾಲಿಸಿದ 'ಪಾಶ್ಚರ್' ಎಂಬ ಹೆಸರಿನ ಅಧ್ಯಯನವು (ಫಲಿತಾಂಶ ೨೦೧೫) ಹಸಿ ಹಾಲು ಕುಡಿದ ಶಿಶುಗಳಲ್ಲಿ ನೆಗಡಿ, ಕಿವಿಸೋರಿಕೆ ಮೊದಲಾದುವು ಕಡಿಮೆಯಾಗಿದ್ದುದನ್ನು ಕಂಡಿತು. ಕಾಯಿಸಿದ ಹೊಲಮನೆಯ ಹಾಲಿನಲ್ಲಿಯೂ ಅದೇ ಗುಣ ಸ್ವಲ್ಪ ಕ್ಷೀಣವಾಗಿ ತೋರಿತು. ಆದರೆ ಈ ದಾರಿಯ ಸಂಶೋಧಕರೇ ಹಸಿ ಹಾಲನ್ನು ಮಕ್ಕಳಿಗೆ ಕೊಡಿರೆಂದು ಹೇಳಿಲ್ಲ. ಜರ್ಮನಿಯಲ್ಲಿ ಅವರು ಕೈಗೊಂಡ 'ಮಾರ್ಥಾ' ಎಂಬ ಪ್ರಯೋಗದಲ್ಲಿ ಶಿಶುಗಳಿಗೆ ಕೊಡಲು ಆರಿಸಿದ್ದು, ರೋಗಾಣುಗಳಿಲ್ಲದಂತೆ ಮಿತವಾದ ಕಾವಿನಲ್ಲಿ ಸಂಸ್ಕರಿಸಿದ ಹಾಲನ್ನು. ಹಸಿ ಹಾಲಿನಲ್ಲಿ ಗುಣವಿದೆಯೆಂದು ಕಂಡವರೇ ಅದನ್ನು ಹಸಿಯಾಗಿ ಕೊಡಲು ಹಿಂಜರಿದರೆಂಬುದನ್ನು ನಮ್ಮ ಬಡಾವಣೆಯ ವಾದಿಗಳು ಗಮನಿಸಬೇಕು.

೪. ಮೈಸೂರು ಸೀಮೆಯ ಹಾಲು

ಈಗ ಮೊದಲನೆಯ ಮಾತಿಗೆ ಬರೋಣ. ನಮ್ಮ ಹಿರಿಯರು ಹಸಿ ಹಾಲನ್ನೇ ಕುಡಿಯುತ್ತಿದ್ದರೇ?

ಈ ವಿಷಯದಲ್ಲಿ ನಮಗೆ ದೊರೆಯುವ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಫ್ರಾನ್ಸಿಸ್ ಬುಕಾನನ್ನನದು. ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ಕಂಪನಿ ಸರ್ಕಾರದ ಆಜ್ಞೆಯಂತೆ ಈ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಕನ್ನಡ, ಮಲೆಯಾಳ ಸೀಮೆಗಳನ್ನು ಸುತ್ತಿದನು; ಅವನ ವರದಿ ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನೇಗಿಲಿನಿಂದ ಹಿಡಿದು ಗಾಣದವರೆಗೆ ಎಲ್ಲವನ್ನೂ ವಿಚಾರಿಸಿ ಬರೆದಿಟ್ಟ ಈತನು ಹೈನಿನ ವಿಷಯವನ್ನೂ ಬಿಟ್ಟಿಲ್ಲ. ಇಲ್ಲಿಯ ಜನ ಹಸಿ ಹಾಲನ್ನು ಬಳಸುವುದೇ ಇಲ್ಲ, ಅದಕ್ಕೆ ರುಚಿಯಿಲ್ಲವೆನ್ನುತ್ತಾರೆ. ಕಡಮೆಯೆಂದರೂ ಒಂದು ಗಂಟೆಯ ಕಾಲ ಕಾಯಿಸುತ್ತಾರೆ, ಎರಡು ಮೂರು ಗಂಟೆ ಕಾದರೆ ಇನ್ನೂ ಮೇಲೆಂದು ಎಣಿಸುತ್ತಾರೆ ಎಂಬುದು ಅವನ ವರದಿಯ ಸಾರಾಂಶ. ಹಾಲು ಕಾಯಿಸುವ ಮಡಕೆಗಳ ಕೊಳೆಯನ್ನು ಕುರಿತು ಅವನು ಮುಖ ಸಿಂಡರಿಸಿದ್ದಾನೆ. ಬುಕಾನನ್ನನ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಪರದೇಶದವನ ತಾತ್ಸಾರ ಅವನ ಬರವಣಿಗೆಯಲ್ಲಿ ಅನೇಕ ಕಡೆ ಇಣುಕುತ್ತದೆ. ಆದರೆ ಪ್ರಕೃತ ವಿಷಯದಲ್ಲಿ ಸುಳ್ಳು ಹೇಳಿ ಅವನು ಪಡೆಯಬೇಕಾದುದೇನೂ ಇರಲಿಲ್ಲ. ಸ್ವತಃ ಹಸಿ ಹಾಲಿನ ಬಳಕೆಯಿದ್ದ ನಾಡಿನಿಂದ ಬಂದವನಿಗೆ ಇಲ್ಲಿಯ ಪದ್ಧತಿ ವಿಚಿತ್ರವೆನಿಸಿದ್ದರಿಂದಲೇ ಅದನ್ನು ಬರೆದಿಟ್ಟನು.

ಶಾಸ್ತ್ರಗ್ರಂಥಗಳ ಸಾಕ್ಷ್ಯವೂ ಇದಕ್ಕೆ ವಿರುದ್ಧವಾಗಿಲ್ಲ. ಸುಶ್ರುತಸಂಹಿತೆಯು ಹಸಿ ಹಾಲನ್ನು ಗುರು, ಅಭಿಷ್ಯಂದಿ ಎಂದು ಹೇಳಿ, ಕಾಯಿಸಿದ ಹಾಲನ್ನು ಲಘುವೆಂದು ಎಣಿಸುತ್ತದೆ. ಆಗತಾನೆ ಕರೆದ, ಬಿಸಿಯಾರದ ಧಾರೋಷ್ಣ ಹಾಲಿಗೆ ಮಾತ್ರ ಅದು ವಿನಾಯಿತಿ ಕೊಡುತ್ತದೆ. ನಮ್ಮ ಹಳ್ಳಿಗಳಲ್ಲಿ ಕೆಚ್ಚಲ ಬಳಿ ಕುಳಿತ ಹುಡುಗನ ಬಾಯಿಗೆ ನೊರೆಹಾಲು ಕರೆಯುವ ಸಲಿಗೆಯೂ ಉಂಟು; ಇದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರವಾದೀತು. ಆದರೆ ಅದು ಎಂದೋ ಒಮ್ಮೆ ನಡೆಯುವ ಮುದ್ದಿನ ಮಾತು. ದಿನನಿತ್ಯದ ಪದ್ಧತಿಯನ್ನು ತಿಳಿಯಬೇಕಾದರೆ ಅಡಿಗೆಮನೆಗೆ ಹೋಗಬೇಕು. ಅಲ್ಲಿ ಹಾಲಿನ ಜಾಗ ಒಲೆಯ ಮೇಲೆ. ಹೊಸ ಮನೆ ಹೊಕ್ಕಾಗ ಮೊದಲು ನಡೆಯುವ ಶಾಸ್ತ್ರ ಹಾಲುಕ್ಕಿಸುವುದು. ಗಿಣ್ಣನ್ನು ಸಹ ಬೇಯಿಸಿಯೇ ತಿನ್ನುವ ಜನ ನಾವು.

ಇನ್ನೊಂದು ಸಂಗತಿ. ಮೈಸೂರು ಅರಸರ ಗೋಸಂಪತ್ತನ್ನು ನೋಡಿಕೊಳ್ಳುತ್ತಿದ್ದ ಇಲಾಖೆಗೆ, ಟಿಪ್ಪುವು ಅಮೃತಮಹಲೆಂದು ಹೆಸರಿಡುವುದಕ್ಕೆ ಮುಂಚೆ, ಬೆಣ್ಣೆ ಚಾವಡಿ ಎಂಬ ಹೆಸರಿದ್ದಿತು. ಆ ಹೆಸರೇ ಅರ್ಥವತ್ತಾದುದು. ಬೇಗ ಕೆಡುವ ಹಾಲು ದೂರ ಪಯಣ ಮಾಡಲಾರದು; ಬೆಣ್ಣೆಯೂ ತುಪ್ಪವೂ ಮಾಡಬಲ್ಲುವು. ಹಾಲನ್ನು ಕಾಯಿಸಿ, ಹೆಪ್ಪು ಹಾಕಿ, ಮೊಸರು ಕಡೆದು, ಬೆಣ್ಣೆ ತೆಗೆದು, ಅದನ್ನು ತುಪ್ಪ ಕಾಯಿಸಿ ಉಳಿದ ಮಜ್ಜಿಗೆಯನ್ನು ಮನೆಮಂದಿಯೆಲ್ಲ ಕುಡಿಯುವುದೇ ಇಲ್ಲಿಯ ಹೈನಿನ ಕ್ರಮ. ಈ ಕ್ರಮದ ಮೊದಲ ಮೆಟ್ಟಿಲೇ ಬೆಂಕಿ.

ಆದಕಾರಣ ಮೊದಲನೆಯ ಮಾತು ನಿಲ್ಲುವುದಿಲ್ಲ. ಇದರಿಂದ ಇಡೀ ವಾದವೇ ತಲೆಕೆಳಗಾಗುತ್ತದೆ. ಹಾಲನ್ನು ಕಾಯಿಸಿದರೆ ರಕ್ಷಣೆ ಹೋಗುತ್ತದೆಂಬ ಯೂರೋಪಿನ ಫಲಿತಾಂಶವನ್ನು ನಾವು ಹಾಗೆಯೇ ಅಂಗೀಕರಿಸಿದರೆ, ಎರಡು ಮೂರು ಗಂಟೆ ಕಾದ ಹಾಲು ಕುಡಿದ ಹಳೆಯ ಮೈಸೂರಿನ ಮಕ್ಕಳಿಗೆ ಆ ರಕ್ಷಣೆ ಎಂದೂ ಇರಲಿಲ್ಲವೆಂದಾಯಿತು. ಡೈರಿಯವರು ೭೨ ಡಿಗ್ರಿಯ ಕಾವಿನಲ್ಲಿ ಹದಿನೈದು ಸೆಕೆಂಡು ಇಡುವ ಹಾಲು ಅದಕ್ಕಿಂತ ಎಷ್ಟೋ ಕಡಿಮೆ ಬೆಂದದ್ದು. ಹಾಗಿದ್ದೂ ಆ ಮಕ್ಕಳಲ್ಲಿ ಉಬ್ಬಸ ವಿರಳವಾಗಿದ್ದುದೇ ನಿಜವಾದರೆ, ಅದರ ಕಾರಣವನ್ನು ಹಾಲಿನ ಹಸಿತನದಲ್ಲಿ ಹುಡುಕುವುದು ವ್ಯರ್ಥ.

೫. ಉಬ್ಬಸದ ಇತಿಹಾಸ ಮತ್ತು ಡೈರಿಯ ಇತಿಹಾಸ

ವಿರಳವಾಗಿದ್ದುದು ನಿಜವೇ ಎಂಬುದು ಎರಡನೆಯ ಮಾತು. ಇಲ್ಲಿ ಇತಿಹಾಸಕಾರನು ಎಚ್ಚರದಿಂದಿರಬೇಕು. ಚರಕಸಂಹಿತೆಯು ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ತಮಕಶ್ವಾಸವೆಂಬುದನ್ನು ವರ್ಣಿಸಿರುವ ರೀತಿ ಇಂದಿನ ಅಸ್ತಮಾ ರೋಗಕ್ಕೆ ಬಹಳ ಹತ್ತಿರವಾಗಿದೆ. ಉಬ್ಬಸ, ಗೂರಲು ಎಂಬ ಮಾತುಗಳು ಕನ್ನಡದಲ್ಲಿ ಡೈರಿಯೊಡನೆ ಬಂದವಲ್ಲ. ಹಳ್ಳಿಯಲ್ಲಿ ಎಳೆಯ ಮಗುವೊಂದು ಉಸಿರಾಡಲಾರದೆ ತೀರಿಕೊಂಡಾಗ ಅದನ್ನು ಯಾವ ರೋಗವೆಂದು ಯಾರು ಬರೆದಿಟ್ಟರು? ದಾಖಲೆಯಿಲ್ಲವೆಂಬುದು ರೋಗವಿರಲಿಲ್ಲವೆಂಬುದಕ್ಕೆ ಪ್ರಮಾಣವಾಗದು.

ಆದರೆ ಈಚಿನ ಹೆಚ್ಚಳವನ್ನು ಅಲ್ಲಗಳೆಯುವಂತಿಲ್ಲ. ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳ ದಾಖಲೆಗಳಿಂದ ಪ್ರಕಟಿಸಿದ ಅಂಕಿಗಳು ಪ್ರಸಿದ್ಧವಾಗಿವೆ. ಅವರಲ್ಲಿ ಉಬ್ಬಸವಿದ್ದವರ ಪ್ರಮಾಣ ೧೯೭೯ರಲ್ಲಿ ಶೇಕಡ ೯, ೧೯೮೯ರಲ್ಲಿ ೧೮.೫, ೧೯೯೯ರಲ್ಲಿ ೨೯.೫. ಇವು ಆಸ್ಪತ್ರೆಯ ಅಂಕಿಗಳೆಂಬುದನ್ನು ನೆನಪಿಡಬೇಕು. ಉಬ್ಬಸಕ್ಕೆ ಹೆಸರಾದ ವೈದ್ಯರಲ್ಲಿಗೆ ಉಬ್ಬಸದ ಮಕ್ಕಳು ಹೆಚ್ಚಾಗಿ ಬರುವುದು ಸಹಜ. ಊರಿನ ಎಲ್ಲ ಮಕ್ಕಳಿಗೆ ಆ ಪ್ರಮಾಣವನ್ನು ಅನ್ವಯಿಸಲಾಗದು. ಆದರೂ ಏರಿಕೆಯ ದಿಕ್ಕನ್ನು ಸಂದೇಹಿಸಲು ಕಾರಣ ಕಾಣದು.

ಈ ಏರಿಕೆಯ ಪಕ್ಕದಲ್ಲಿ ಡೈರಿಯ ಇತಿಹಾಸವನ್ನು ಇಟ್ಟುನೋಡುವುದೇ ಮೂರನೆಯ ಮಾತಿನ ಆಧಾರ. ಬೆಂಗಳೂರಿಗೆ ಹೈನಿನ ವಿಜ್ಞಾನ ಬಂದುದು ಬಹಳ ಹಿಂದೆ. ೧೯೨೩ರಲ್ಲಿ ಇಲ್ಲಿ ಸ್ಥಾಪಿತವಾದ ಪಶುಪಾಲನೆ ಮತ್ತು ಹೈನಿನ ಸಂಸ್ಥೆಯಲ್ಲಿ ೧೯೨೭ರಲ್ಲಿ ಗಾಂಧೀಜಿಯವರೇ ಗೋಪಾಲನೆಯ ವಿಷಯವನ್ನು ಕಲಿತರು. ೧೯೫೫ರಲ್ಲಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ಕೇಂದ್ರವು ಕರ್ನಾಲಿಗೆ ಹೋದಾಗ ಇಲ್ಲಿ ಅದರ ದಕ್ಷಿಣ ಶಾಖೆ ಉಳಿಯಿತು. ೧೯೬೫ರಲ್ಲಿ ಹೊಸೂರು ರಸ್ತೆಯ ಬಳಿ ಬೆಂಗಳೂರು ಡೈರಿ ಕೆಲಸಕ್ಕೆ ತೊಡಗಿತು. ೧೯೭೪ರಲ್ಲಿ ಆರಂಭವಾದ ರಾಜ್ಯದ ಡೈರಿ ಅಭಿವೃದ್ಧಿ ಯೋಜನೆ ಮುಂದೆ ಹಾಲು ಮಹಾಮಂಡಲವಾಗಿ ಬೆಳೆದು, ನಂದಿನಿಯ ಪೊಟ್ಟಣ ಮನೆಮನೆಗೂ ಬಂದಿತು.

ಎರಡು ರೇಖೆಗಳೂ ಜೊತೆಯಾಗಿ ಏರಿದುವೆಂಬುದು ನಿಜ. ಆದರೆ ಅದೇ ಕಾಲದಲ್ಲಿ ಇನ್ನೂ ಹಲವು ರೇಖೆಗಳು ಏರಿದುವು: ವಾಹನಗಳ ಸಂಖ್ಯೆ, ಕಟ್ಟಡಗಳ ಧೂಳು, ಗಾಳಿಯಾಡದ ಕೋಣೆಗಳು, ವೈದ್ಯರ ಸಂಖ್ಯೆ, ರೋಗವನ್ನು ಗುರುತಿಸುವ ಜಾಣ್ಮೆ. ಇವುಗಳಲ್ಲಿ ಹಾಲಿನ ಪೊಟ್ಟಣವನ್ನೇ ಆರಿಸಿ ಅಪರಾಧಿಯೆನ್ನಲು ಬೇರೆ ಆಧಾರ ಬೇಕು. ಪರಮೇಶ್ ಅವರೇ ನಗರದ ಹನ್ನೆರಡು ಶಾಲೆಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ವಾಹನಸಂಚಾರ ವಿರಳವಾದ ಭಾಗದ ಮಕ್ಕಳಲ್ಲಿ ಉಬ್ಬಸ ಶೇಕಡ ೧೧ರಷ್ಟು, ಸಂಚಾರ ದಟ್ಟವಾದ ಭಾಗದಲ್ಲಿ ೧೯ರಷ್ಟು, ದಟ್ಟಸಂಚಾರದ ಜೊತೆಗೆ ಬಡತನವೂ ಇದ್ದಲ್ಲಿ ೩೧ರಷ್ಟು ಇದ್ದಿತು. ಒಂದೇ ನಗರದ, ಒಂದೇ ಬಗೆಯ ಹಾಲಿನ ಸರಬರಾಜಿರುವ ಮಕ್ಕಳಲ್ಲಿ ಈ ಅಂತರವನ್ನು ಹಾಲಿನಿಂದ ವಿವರಿಸುವುದು ಕಷ್ಟ. ಬೀದಿಯಿಂದ ವಿವರಿಸುವುದು ಸುಲಭ.

ಆಹಾರದ ಅಲರ್ಜಿಯ ವಿಷಯದಲ್ಲಂತೂ ನಮ್ಮ ನಾಡಿನ ಸಾಕ್ಷ್ಯ ಇನ್ನೂ ಪ್ರತಿಕೂಲ. ಯೂರೋಪಿನ ಒಂದು ಯೋಜನೆಯ ಅಂಗವಾಗಿ ಚೀನಾ, ರಷ್ಯ ಮತ್ತು ಭಾರತಗಳ ಶಾಲಾಮಕ್ಕಳನ್ನು ಹೋಲಿಸಿ ೨೦೨೦ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾರತದ ಪರವಾಗಿ ಇದ್ದವರು ಕರ್ನಾಟಕದ ಮಕ್ಕಳು. ಅವರಲ್ಲಿ ಆಹಾರದ ಅಲರ್ಜಿ ಶೇಕಡ ೦.೧೪ ಮಾತ್ರ, ಹಾಂಗ್‌ಕಾಂಗಿನಲ್ಲಿ ಅದು ೧.೫. ಹೋಲಿಸಿದ ಪ್ರದೇಶಗಳಲ್ಲೆಲ್ಲ ನಮ್ಮದೇ ಕನಿಷ್ಠ. ಹಾಲು ಕಾಯಿಸುವ ನಾಡಿನಲ್ಲಿಯೇ ಈ ಸ್ಥಿತಿಯಿರುವಾಗ, ಕಾಯಿಸಿದ ಹಾಲು ಅಲರ್ಜಿಗೆ ದಾರಿಯೆಂಬ ಭಯಕ್ಕೆ ಇಲ್ಲಿ ನೆಲೆ ಕಾಣುವುದಿಲ್ಲ.

೬. ಹಸಿ ಹಾಲು ಕುಡಿದ ಮಕ್ಕಳು

ಕರ್ನಾಟಕದಲ್ಲಿ ಹಸಿ ಹಾಲು ಕುಡಿದ ಮಕ್ಕಳನ್ನು ಕುರಿತ ವೈದ್ಯಕೀಯ ದಾಖಲೆ ಇಲ್ಲವೇ ಎಂದರೆ, ಇದೆ. ಆದರೆ ಅದು ಬೇರೊಂದು ಕಥೆಯನ್ನು ಹೇಳುತ್ತದೆ.

ವಿಜಯಪುರದ ವೈದ್ಯಕೀಯ ಕಾಲೇಜಿನ ಬಿ. ಜಿ. ಮಂಟೂರ ಮತ್ತು ಸಂಗಡಿಗರು ೨೦೦೪ರಲ್ಲಿ ಮಕ್ಕಳ ಬ್ರುಸೆಲ್ಲಾ ಜ್ವರವನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಜ್ವರದಿಂದ ಬಂದ ಮಕ್ಕಳ ೫,೭೨೬ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ೯೩ ಮಕ್ಕಳಲ್ಲಿ ಈ ರೋಗವಿದ್ದುದು ಕಂಡಿತು. ಅವರಲ್ಲಿ ಹೆಚ್ಚಿನವರು ಕುರಿಗಾಹಿಗಳ ಮಕ್ಕಳು. ಆಡಿನ ಹಸಿ ಹಾಲನ್ನು ಕುಡಿಯುವುದು, ಪಶುಗಳ ನಿಕಟಸಂಪರ್ಕ, ಇಲ್ಲವೆ ಇವೆರಡೂ ಸೇರಿದುದು ಮುಖ್ಯ ಕಾರಣಗಳೆಂದು ಗುರುತಿಸಲಾಯಿತು. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ವಾರಗಟ್ಟಲೆಯ ಬಳಲಿಕೆ ಈ ರೋಗದ ಲಕ್ಷಣಗಳು. ಇದೇ ರೋಗದ ರೋಗಾಣುವನ್ನು ಮಾಲ್ಟಾ ದ್ವೀಪದಲ್ಲಿ ೧೮೮೭ರಲ್ಲಿ ಡೇವಿಡ್ ಬ್ರೂಸನು ಗುರುತಿಸಿದನು. ಆಡಿನ ಹಾಲೇ ಅದರ ವಾಹನವೆಂಬುದನ್ನು ೧೯೦೫ರಲ್ಲಿ ತೆಮಿಸ್ಟೋಕ್ಲಿಸ್ ಝಾಮಿಟ್ಟನು ಹೊರಗೆಡಹಿದನು.

ಆ ಮಕ್ಕಳು ಹಸಿ ಹಾಲನ್ನೂ ಕುಡಿದವರು, ಪಶುಗಳ ನಡುವೆಯೂ ಬೆಳೆದವರು. ಯೂರೋಪಿನ ವಾದದಂತೆ ಎರಡು ರಕ್ಷೆಗಳೂ ಇದ್ದವರು. ಅವರಿಗೆ ಉಬ್ಬಸ ಕಡಿಮೆಯಿದ್ದಿರಲೂಬಹುದು. ಆದರೆ ಆ ಲಾಭಕ್ಕೆ ಅವರು ತೆತ್ತ ಬೆಲೆ ಆಸ್ಪತ್ರೆಯ ದಾಖಲೆಯಲ್ಲಿದೆ. ಆಲ್ಪ್ಸ್ ಸೀಮೆಯ ದೇಶಗಳು ತಮ್ಮ ದನಗಳಲ್ಲಿ ಬ್ರುಸೆಲ್ಲಾ ರೋಗವನ್ನೂ ಕ್ಷಯವನ್ನೂ ದಶಕಗಳ ಪರಿಶ್ರಮದಿಂದ ಬಹುತೇಕ ನಿವಾರಿಸಿಕೊಂಡಿವೆ. ನಮ್ಮ ಮಂದೆಗಳು ಆ ಸ್ಥಿತಿಯನ್ನು ಮುಟ್ಟಿಲ್ಲ. ಅಲ್ಲಿಯ ಹಸಿ ಹಾಲೂ ಇಲ್ಲಿಯ ಹಸಿ ಹಾಲೂ ಹೆಸರಿನಲ್ಲಿ ಒಂದೇ, ಅಪಾಯದಲ್ಲಿ ಬೇರೆ. ಹಾಲಿನ ವಿಷಯದಲ್ಲಿ ದೊಡ್ಡವರ ಮಾತೂ ತಪ್ಪಿದ್ದುಂಟು. ೧೯೦೧ರಲ್ಲಿ ರಾಬರ್ಟ್ ಕಾಖ್‌ನಂಥ ಮಹಾವಿಜ್ಞಾನಿಯೇ ದನದ ಕ್ಷಯದಿಂದ ಮನುಷ್ಯರಿಗೆ ಹೆಚ್ಚಿನ ಭಯವಿಲ್ಲವೆಂದು ಲಂಡನ್ನಿನ ಸಭೆಯಲ್ಲಿ ಸಾರಿದನು. ಅದನ್ನು ಪರೀಕ್ಷಿಸಲು ನೇಮಕವಾದ ಬ್ರಿಟಿಷ್ ಆಯೋಗವು ಹತ್ತು ವರ್ಷ ದುಡಿದು, ಆ ಮಾತು ತಪ್ಪೆಂದೂ ಹಾಲಿನ ಮೂಲಕ ಮಕ್ಕಳಿಗೆ ಕ್ಷಯ ತಗಲುವುದೆಂದೂ ತೋರಿಸಬೇಕಾಯಿತು.

೭. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ನಾವು ಮುಟ್ಟುವ ತೀರ್ಮಾನವಿಷ್ಟು. ಹಿರಿಯರು ಹಸಿ ಹಾಲು ಕುಡಿದರೆಂಬುದು ಈ ಸೀಮೆಯ ಮಟ್ಟಿಗೆ ಇತಿಹಾಸಕ್ಕೆ ವಿರುದ್ಧವಾದುದು. ಅವರಲ್ಲಿ ಉಬ್ಬಸವಿರಲಿಲ್ಲವೆಂಬುದಕ್ಕೆ ಪ್ರಮಾಣವಿಲ್ಲ. ಡೈರಿಯಿಂದ ಉಬ್ಬಸ ಬಂದಿತೆಂಬುದು ಕಾಲಸಾಮ್ಯವನ್ನು ಕಾರಣವೆಂದು ಭ್ರಮಿಸಿದುದರ ಫಲ. ಯೂರೋಪಿನ ಸಂಶೋಧನೆಗಳು ಗೌರವಕ್ಕೆ ಅರ್ಹವಾದುವು, ಆದರೆ ಅವು ತಮ್ಮ ನೆಲದ ಪ್ರಶ್ನೆಗೆ ಕೊಟ್ಟ ಉತ್ತರಗಳು.

ಹಾಗೆಂದು ಬಡಾವಣೆಯ ತಾಯಿತಂದೆಗಳ ಕಳವಳವನ್ನು ನಾವು ಲಘುವಾಗಿ ಕಾಣುವುದಿಲ್ಲ. ರಾತ್ರಿಯೆಲ್ಲ ಎದೆ ಕೀರಿಡುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೂತವರು ಏನಾದರೊಂದು ಉಪಾಯಕ್ಕೆ ಕೈಚಾಚುವುದು ಸ್ವಾಭಾವಿಕ. ಹಳೆಯ ಬದುಕಿನಿಂದ ಏನೋ ಕಳೆದುಹೋಗಿದೆಯೆಂಬ ಅವರ ಅನುಮಾನವೂ ನಿರಾಧಾರವಾಗಿರಲಿಕ್ಕಿಲ್ಲ. ಆದರೆ ಕಳೆದುಹೋದುದು ಏನೆಂಬುದನ್ನು ಅವರು ತಪ್ಪಾಗಿ ಗುರುತಿಸಿದ್ದಾರೆ. ಗೊಲ್ಲಹಳ್ಳಿಯಂಥ ಊರಿನ ಮಗು ಕೊಟ್ಟಿಗೆಯ ಜಗುಲಿಯ ಮೇಲೆ ಅಂಬೆಗಾಲಿಟ್ಟಿತು. ಅದರ ತಾಯಿ ಬಸುರಿಯಾಗಿದ್ದಾಗಲೂ ಸಗಣಿ ಬಾಚಿದಳು. ಆ ಮನೆಯಲ್ಲಿ ಹಾಲಿನ ಜೀವಾಣುಗಳನ್ನು ಸಂಜೆ ಒಲೆಯ ಮೇಲೆ ಕೊಂದು, ರಾತ್ರಿ ಒಂದು ಚಮಚ ಹೆಪ್ಪಿನಿಂದ ಬೇರೆ ಜೀವಾಣುಗಳನ್ನು ಬೆಳೆಸುತ್ತಿದ್ದರು. ಮಗುವು ದಿನಕ್ಕೆ ಎರಡು ಹೊತ್ತು ಉಂಡ ಮೊಸರು ಮಜ್ಜಿಗೆಗಳು ಸಜೀವವಾದ ಆಹಾರಗಳು. ಅದೇ ಮನೆಯಲ್ಲಿ ಬೆರಣಿಯ ಹೊಗೆಯೂ ಇದ್ದು ಅದು ಶ್ವಾಸಕೋಶಕ್ಕೆ ಕೇಡು ಮಾಡುತ್ತಿದ್ದಿತೆಂಬುದನ್ನು ಮರೆಯಬಾರದು. ಇವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಮಗುವಿನ ಉಸಿರನ್ನು ಕಾಯಿತು, ಯಾವುದು ಕೆಡಿಸಿತು ಎಂಬುದೇ ನಮ್ಮ ನೆಲದ ನಿಜವಾದ ಪ್ರಶ್ನೆ. ಮೊಸರಿನಿಂದ ಉಬ್ಬಸ ಹೋಗುವುದೆಂದು ನಾವು ಹೇಳುತ್ತಿಲ್ಲ. ಹಸಿ ಹಾಲಿನ ಪ್ರಶ್ನೆಯನ್ನು ಎರವಲು ತರುವ ಬದಲು ಈ ಪ್ರಶ್ನೆಯನ್ನು ಕೇಳಬೇಕೆಂದು ಮಾತ್ರ ಹೇಳುತ್ತಿದ್ದೇವೆ.

ಇದಕ್ಕೆ ಅಂಜನಾಪುರಕ್ಕಿಂತ ತಕ್ಕ ಸ್ಥಳ ಸಿಗುವುದು ದುರ್ಲಭ. ಕೊಟ್ಟಿಗೆಯ ಮನೆಯೂ ಕೊಟ್ಟಿಗೆಯಿಲ್ಲದ ಮನೆಯೂ ಇಲ್ಲಿ ಒಂದೇ ಬೀದಿಯಲ್ಲಿ, ಒಂದೇ ಗಾಳಿಯಲ್ಲಿ ಇವೆ. ಎರಡರಲ್ಲಿಯೂ ಹಾಲು ಕಾಯುತ್ತದೆ. ವೈದ್ಯರೂ ಇತಿಹಾಸದ ವಿದ್ಯಾರ್ಥಿಗಳೂ ಕೂಡಿ ಮನೆಮನೆಯ ವೃತ್ತಾಂತವನ್ನು ಸಂಗ್ರಹಿಸಲು ಇದು ಸಕಾಲ, ಏಕೆಂದರೆ ಉಳಿದಿರುವ ಕೊಟ್ಟಿಗೆಗಳು ಬಹುಕಾಲ ಉಳಿಯುವಂತಿಲ್ಲ. ಆ ಕೆಲಸ ಆಗುವವರೆಗೆ, ಕಣ್ಣೆದುರಿಗೆ ಕರೆಯಿಸಿದ ಹಾಲನ್ನು ಮನೆಗೆ ಒಯ್ದು, ಬುಕಾನನ್ನನು ಬರೆದಿಟ್ಟ ಮೂರು ಗಂಟೆಯಲ್ಲದಿದ್ದರೂ, ಒಂದು ಬಾರಿ ಉಕ್ಕು ಬರುವವರೆಗಾದರೂ ಕಾಯಿಸಿ ಮಗುವಿಗೆ ಕೊಡುವುದೇ ಕ್ಷೇಮ.